ಗೊರಕೆಯಿಂದ ಒಂದು ಗೇಣು

ತನ್ನಾ ದ್ವೀಪದ ಆಸ್ಪತ್ರೆಯ ಬೆಂಚಿನ ಮೇಲೆ ನನ್ನ ಪಕ್ಕದಲ್ಲಿ ಮುದುಕಿ ನಾಹು, ಅವಳ ಮೈದುನ ಕಪಾಲು ಟ್ರಕ್ಕಿಗೆ ಕಾಯುತ್ತ ಕೂತಿದ್ದರು. ಚಂಡಮಾರುತದಿಂದ ಯಾರ ಆರೋಗ್ಯ ಎಷ್ಟು ಕೆಟ್ಟಿದೆಯೆಂದು ಅಳೆಯಲು ಬಂದ ಹುಡುಗಿ ಆಗಷ್ಟೇ ಇಬ್ಬರನ್ನೂ ವಿಚಾರಿಸಿ ಒಳಗೆ ಹೋಗಿದ್ದಳು.

“ಅತ್ತಿಗೆ, ಗಾಳಿ ನಿಮ್ಮನೆ ಮೇಲೇ ಜಾಸ್ತಿ ಬೀಸಿತ್ತಂತೆ. ಅದಕ್ಕೇ ನಿಮಗೆ ನಿದ್ದೆ ಬರಲ್ವಂತೆ.”

“ನಾನೆಲ್ಲಿ ಮನೇಲಿದ್ದೆ? ಊರಿಗೂರೇ ಬಿರುಗಾಳಿಗಂತ್ಲೇ ಕಟ್ಟಿದ ಆ ಕುಳ್ಳ ಹುಲ್ಲುಗುಡಿಸಲಿಗೆ ನುಗ್ಗಿತ್ತಲ್ಲ. ನೀನು ಹಂದಿ ತಬ್ಕೊಂಡು ಕೂತಿದ್ದೆ!”

“ಮರಿ ಅದು, ಹೆದರಿತ್ತು. ಗುಡಿಸಲಿನ ವಿಷಯ ಆ ಹುಡುಗಿಗೆ ಹೇಳ್ಲಿಲ್ವಾ?”

“ಮನೆ ಎಲ್ಲಿ ಅಂದ್ಳು, ತೋರಿಸ್ದೆ. ನಾನೆಲ್ಲಿದ್ದೆ ಅಂತ ಕೇಳ್ಲೇ ಇಲ್ಲ.”

“ಗಾಳಿ ಹಾದ ದಾರಿಯಿಂದ ಎಷ್ಟು ದೂರ ಅಂತ ನನ್ನನ್ನೂ ಕೇಳಿದ್ಳು.”

“ನನ್ನ ಕೇಳಿದ್ರೆ, ನಿಮ್ಮಣ್ಣನ ಗೊರಕೆಯಿಂದ ಒಂದು ಗೇಣು ದೂರ ಅಂತಿದ್ದೆ. ಅದರ ಮುಂದೆ ಗಾಳಿ ಯಾವ ಲೆಕ್ಕ! ಬೈತಾ ಬೈತಾ ಹಾಗೇ ನಿದ್ದೆ ಹೋದೆ.”

“ಈಗ?”

“ಅವರು ತೀರಿಕೊಂಡ ಮೇಲೆ ಮನೇಲಿ ಸದ್ದೇ ಇಲ್ಲ. ಎಲೆ ಬಿದ್ರೂ ಎಚ್ಚರ ಆಗತ್ತೆ.”

ಟ್ರಕ್ಕು ಹಾರನ್ ಹಾಕಿತು. ಮುದುಕಿ ಎದ್ದಳು.

“ಓಡು, ಒಳಗೆ ಹೋಗಿ ಆ ಹುಡುಗಿಗೆ ಹೇಳ್ಬಾ. ನಾನು ಟ್ರಕ್ ನಿಲ್ಲಿಸ್ತೀನಿ. ಪಾಪ, ಗಾಳಿ ಮೇಲೆ ಸುಳ್ಳು ಅಪವಾದ ಬೇಡ.”