ದೊಡ್ಡವ್ವನ ಮೈಗೆ ಬಣ್ಣ

ನಾಗಮಂಗಲದ ಬಸ್ಸು ಶ್ರೀರಂಗಪಟ್ಟಣ ದಾಟಿತ್ತು. ಯಶೋಧಳ ಮುಂದಿನ ಸೀಟಿನಲ್ಲಿ ಕುತ್ತಿಗೆಗೆ ಬ್ಯಾಂಡೇಜು ಹಾಕಿದ್ದ ಮುದುಕಿಯೊಬ್ಬಳೂ ಅವಳ ತಂಗಿಯ ಮಗಳೂ ಕೂತಿದ್ದರು. ಹುಡುಗಿ ಆಸ್ಪತ್ರೆಯ ಲ್ಯಾಬಿನವಳೆಂದು ಮಾತಿನಲ್ಲೇ ತಿಳಿಯಿತು.

“ಬರೀ ಗಂಟು ಕಣ ದೊಡ್ಡವ್ವ, ಕ್ಯಾನ್ಸರ್ ಅಲ್ಲ. ಡಾಕ್ಟ್ರೇ ನೋಡಿ ಸೈನ್ ಹಾಕವ್ರೆ.”

“ನಿಜ ಹೇಳು ರಮ್ಯ. ಅಂಗಾದ್ರೆ ಒಂಬತ್ ದಿನ ಯಾಕ್ ಹಿಡೀತು?”

“ನಿನ್ ಕತ್ತಿಂದ ತೆಗೆದ ಚೂರು ಮೊದ್ಲು ಔಷ್ದಿ ನೀರಲ್ಲಿ ನೆನೀಬೇಕು. ಆಮೇಲೆ ಮೇಣದಲ್ಲಿ ಕೂರ್ಸಿ, ಈರುಳ್ಳಿ ಪೊರೆಗಿಂತ ತೆಳ್ಳಗೆ ಕೊಯ್ದು, ಗಾಜಿನ ಮೇಲಿಟ್ಟು ಬಣ್ಣ ಹಾಕ್ತೀವಿ. ಆಗ್ಲೇ ಡಾಕ್ಟ್ರಿಗೆ ಕಾಣೋದು.”

“ನನ್ ಮೈಗೆ ಬಣ್ಣ ಹಾಕುದ್ರಾ! ಯಾವ್ ಬಣ್ಣವ್ವ?”

“ಗುಲಾಬಿ, ನೇರಳೆ.”

“ಚೆನ್ನಾಗಿತ್ತಾ?”

“ಬೋ ಚೆನ್ನಾಗಿತ್ತು.”

“ನೀನೇ ಕೊಯ್ದ್ಯಾ?”

ರಮ್ಯ ಕಿಟಕಿಯ ಕಡೆ ತಿರುಗಿದಳು.

“ಇಲ್ಲ ದೊಡ್ಡವ್ವ. ಡಬ್ಬಿ ಮೇಲೆ ಚಿಕ್ಕಬೋರಮ್ಮ ಅಂತ ನಿನ್ನೆಸ್ರು ನೋಡ್ದೆ, ನನ್ ಕೈಲಿ ಕೊಯ್ಯಾಕಾಗ್ಲಿಲ್ಲ. ಜೊತೇಲಿ ಕೆಲ್ಸ ಮಾಡೋ ಅಕ್ಕನಿಗೆ ಕೊಟ್ಬುಟ್ಟು ಆಚೆ ಹೋಗಿ ಅತ್ಬುಟ್ಟೆ.”

“ಅಯ್ಯೋ ನನ್ ಕಂದ! ಫೋನಲ್ಲಿ ದಿನಾ ನಗ್ತಿದ್ಯಲ್ಲೇ?”

“ಇನ್ನೇನ್ ಮಾಡ್ಲಿ?”

ಮುದುಕಿ ಅವಳ ಕೈ ಎಳೆದು ತನ್ನ ಮಡಿಲಲ್ಲಿಟ್ಟುಕೊಂಡಳು. ಪಾಂಡವಪುರ ಬಂದು ಹೋಯಿತು. ಜಕ್ಕನಹಳ್ಳಿ ಹತ್ತಿರವಾದಾಗ ಮುದುಕಿ ಎದ್ದಳು.

“ಅಲ್ನೋಡು, ನಿಮ್ಮವ್ವ ರಸ್ತೇಲೇ ನಿಂತವ್ಳೆ. ನೀನೇ ಹೇಳ್ಬುಡು ಮಗ, ನನ್ ಕೈಲಿ ಆಗಾಕಿಲ್ಲ.”

ಬಸ್ಸು ಪೂರ್ತಿ ನಿಲ್ಲುವ ಮೊದಲೇ ರಮ್ಯ ಬಾಗಿಲಿನಿಂದ ಕೂಗಿದಳು.

“ಅವ್ವಾ, ಏನೂ ಇಲ್ವಂತೆ ಕಣವ್ವಾ!”

ಬಸ್ಸು ಹೊರಟಾಗ ಮೂವರೂ ರಸ್ತೆ ಬದಿಯಲ್ಲಿ ಒಟ್ಟೊಟ್ಟಿಗೆ ಮಾತಾಡುತ್ತಿದ್ದರು. ಯಶೋಧ ಕಿಟಕಿಯಾಚೆ ಕತ್ತು ಚಾಚಿದಳು; ಒಂದು ಮಾತೂ ಕೇಳಿಸಲಿಲ್ಲ.