ಲಿಂಗೆ ದಂಡೆಯ ಇಲ್ಲದ ಗೋಪುರ

ಸಭೆಯ ಅಧ್ಯಕ್ಷತೆ ವಹಿಸಿರುವ ನಗರಾಧ್ಯಕ್ಷೆ ಶ್ರೀಮತಿ ಫೆನ್ನಾ ಅವರೇ, ವೇದಿಕೆಯ ಮೇಲಿರುವ ಗಣ್ಯರೇ, ಶನಿವಾರದ ಸಂತೆ ಬಿಟ್ಟು ಬಂದಿರುವ ಸಭಿಕರೇ,

ನೀವು ಕೊಟ್ಟ ಹೂಗುಚ್ಛವನ್ನು ಮೇಜಿನ ಮೇಲೆಯೇ ಇಟ್ಟಿದ್ದೇನೆ. ನನ್ನ ಮಾತು ಕೇಳಿದ ಮೇಲೂ ಕೊಡುವ ಮನಸ್ಸಿದ್ದರೆ ಒಯ್ಯುತ್ತೇನೆ.

ಮೂವತ್ತೆರಡು ವರ್ಷ ಈ ಊರಿನ ವಸ್ತುಸಂಗ್ರಹಾಲಯದಲ್ಲಿ ಹಳೆಯ ರೇಖಾಚಿತ್ರಗಳನ್ನು ಕಾಯ್ದವನು ನಾನು. ಅವುಗಳಲ್ಲಿ ನಿಮಗೆಲ್ಲ ಗೊತ್ತಿರುವುದು ಒಂದೇ: ಕಂದು ಶಾಯಿಯಲ್ಲಿ ನಮ್ಮ ಲಿಂಗೆ ನದಿ, ದಂಡೆಯಲ್ಲಿ ವಿಲೋ ಮರಗಳು, ನಡುವೆ ಮುರಿದ ಇಟ್ಟಿಗೆ ಗೋಪುರ. ಬರೆದವನ ಹೆಸರು ತಿಳಿಯದು; ಕಾಲ ಸುಮಾರು ೧೬೫೦. ಆ ಗೋಪುರ ಅಲ್ಲಿಯೇ ಇತ್ತೆಂದು ನಾನು ಪುಸ್ತಕ ಬರೆದೆ. ಅದನ್ನು ನಂಬಿ ನೀವು ಗೋಪುರವನ್ನು ಮತ್ತೆ ಕಟ್ಟಹೊರಟಿದ್ದೀರಿ. ಅದಕ್ಕಾಗಿ ಸೋಮವಾರ ದಂಡೆಯ ವಿಲೋ ಸಾಲು ಉರುಳಲಿದೆ.

ಮುಂದಿನ ಸಾಲಿನಲ್ಲಿ ಕುಳಿತಿರುವ ನನ್ನ ಹೆಂಡತಿ ಹಿಲ್ಲೆ ಜಲಮಂಡಳಿಯಲ್ಲಿ ಮಣ್ಣು ಪರೀಕ್ಷಿಸುತ್ತಿದ್ದವಳು. ಪುಸ್ತಕ ಬಂದ ವರ್ಷವೇ ಆ ದಂಡೆಯಲ್ಲಿ ಹನ್ನೊಂದು ಕಡೆ ಕೊಳವೆ ಇಳಿಸಿ, ಆಳದ ಮಣ್ಣು ತೆಗೆದು ನೋಡಿ, ವರದಿ ಬರೆದಳು. ಸಂಜೆ ಬಟಾಣಿ ಸೂಪು ಬಡಿಸುತ್ತಾ ಹೇಳಿದಳು:

“ಒಂದು ಚೂರು ಇಟ್ಟಿಗೆ ಇಲ್ಲ, ಅಡಿಪಾಯದ ಒಂದು ಗೂಟ ಇಲ್ಲ. ಬರೀ ಜೌಗು ಕಣೋ ಸೀಬ್ರೆನ್. ಗೋಪುರ ಹಾಗಿರ್ಲಿ, ಕೋಳಿಗೂಡೂ ನಿಲ್ಲಲ್ಲ ಅಲ್ಲಿ.”

“ನಿಂಗೆ ಮಣ್ಣು ಗೊತ್ತು, ಚಿತ್ರ ಗೊತ್ತಿಲ್ಲ.”

“ಸರಿ ಬಿಡು. ಸೂಪು ಆರ್ತಿದೆ.”

ಅಷ್ಟೇ. ಅವಳ ವರದಿಯನ್ನು ನಾನು ಎರಡನೆಯ ಮುದ್ರಣದಲ್ಲಿ ಸೇರಿಸಲಿಲ್ಲ. ಮೂರನೆಯದರಲ್ಲೂ ಇಲ್ಲ. ಯಾಕೆ? ಪುಸ್ತಕಕ್ಕೆ ಬಹುಮಾನ ಬಂದಿತ್ತಲ್ಲ! ಹಿಲ್ಲೆ ಮತ್ತೆ ಆ ಮಾತು ಎತ್ತಲಿಲ್ಲ. ಆದರೆ ಅಂದಿನಿಂದ ವಸ್ತುಸಂಗ್ರಹಾಲಯದ ಒಳಗೆ ಕಾಲಿಡಲಿಲ್ಲ. ಕೇಳಿದವರಿಗೆಲ್ಲ ನಾನು ಅವಳ ಮಂಡಿನೋವಿನ ನೆಪ ಹೇಳಿದೆ. ಈಗಲೂ ದಿನಕ್ಕೆ ಇಪ್ಪತ್ತು ಕಿಲೋಮೀಟರ್ ಸೈಕಲ್ ತುಳಿಯುವವಳಿಗೆ ಮಂಡಿನೋವು!

ಆ ಕಾಲದ ಎಷ್ಟೋ ಚಿತ್ರಕಾರರು ಹೊರಗೆ ಕೂತು ಮರ, ನೀರು ಬರೆದುಕೊಂಡು, ಮನೆಗೆ ಹೋಗಿ ಬೇರೆ ಊರಿನ ಪಾಳು ಕಟ್ಟಡವನ್ನು ಅವುಗಳ ಪಕ್ಕ ಕೂರಿಸುತ್ತಿದ್ದರು. ಕಣ್ಣಿಗೆ ಚೆನ್ನಾಗಿ ಕಂಡಿತು, ಕೂರಿಸಿದರು. ಇದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು, ಸಭಿಕರೇ. ನದಿಯ ತಿರುವು ನಮ್ಮದು, ನೀರಿನತ್ತ ಬಾಗಿದ ಮರಗಳು ನಮ್ಮವು, ಗೋಪುರ ಯಾರದೋ. ಚಿತ್ರಕಾರ ಯಾರನ್ನೂ ವಂಚಿಸಲಿಲ್ಲ. ವಂಚಿಸಿದವನು ನಾನು.

ಅಧ್ಯಕ್ಷರೇ, ಹಿಲ್ಲೆಯ ವರದಿ ಈ ಲಕೋಟೆಯಲ್ಲಿದೆ. ದಯವಿಟ್ಟು ಸೋಮವಾರದ ಗರಗಸ ನಿಲ್ಲಿಸಿ.

ಹಿಲ್ಲೆ ಎದ್ದು ನಿಂತಿದ್ದಾಳೆ. ಬಾಗಿಲ ಕಡೆಗೆ ಹೊರಟಳೆಂದುಕೊಂಡೆ. ಇಲ್ಲ, ಇತ್ತಲೇ ಬರುತ್ತಿದ್ದಾಳೆ. ಮಣ್ಣಿನ ಬಗ್ಗೆ ನಿಮ್ಮ ಪ್ರಶ್ನೆಗಳಿಗೆ ಉತ್ತರಿಸಬೇಕಾದವಳು ಅವಳೇ. ಮೆಟ್ಟಿಲ ಬಳಿ ಇರುವವರು ಸ್ವಲ್ಪ ದಾರಿ ಬಿಡಿ. ತಾಳ್ಮೆಯಿಂದ ಕೇಳಿದ್ದಕ್ಕೆ ನಿಮಗೆ ಋಣಿ. ಮೊದಲು ಅವಳಿಗೆ, ಆಮೇಲೆ ನಿಮಗೆಲ್ಲ, ನಮಸ್ಕಾರ.