ಒಯ್ಯದೆ ಬಿಟ್ಟ ಗಂಟು

ಈ ಸಭೆಯ ಅಧ್ಯಕ್ಷತೆ ವಹಿಸಿ, ಫ್ಯಾನಿನ ಕೆಳಗಿನ ಕುರ್ಚಿಯನ್ನು ನನಗೆ ಬಿಟ್ಟುಕೊಟ್ಟು ತಾವು ಬೆವರುತ್ತಿರುವ ಮಂಡಲ ಪಂಚಾಯಿತಿಯ ಮಾಜಿ ಪ್ರಧಾನರಾದ ಮಾಳಿಂಗಪ್ಪನವರೇ, ವೇದಿಕೆಯ ಮೇಲಿರುವ ವೈದ್ಯಾಧಿಕಾರಿಗಳೇ, ನನ್ನ ಜೊತೆ ಬಿಸಿಲು ಹಂಚಿಕೊಂಡ ಆರೋಗ್ಯ ಇಲಾಖೆಯ ಗೆಳತಿಯರೇ, ಸಿಂಧನೂರು, ಲಿಂಗಸುಗೂರು ಕಡೆಯಿಂದ ಬಸ್ಸು ಹಿಡಿದು ಮಸ್ಕಿಗೆ ಬಂದ ಬಂಧುಗಳೇ, ವಳಕಮದಿನ್ನಿಯ ನನ್ನ ತಾಯಂದಿರೇ, ನನ್ನ ಕೈಯಲ್ಲೇ ಹುಟ್ಟಿ ಈಗ ಹಿಂದಿನ ಬೆಂಚಿನಲ್ಲಿ ಕೂತು ಗದ್ದಲ ಮಾಡುತ್ತಿರುವ ಮಕ್ಕಳೇ, ಎಲ್ಲ ಸಭಿಕರೇ,

ನನ್ನ ನಿವೃತ್ತಿಯ ದಿನ, ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ನನಗೆ ಉಣ್ಣೆಯ ಶಾಲು ಹೊದಿಸಿದ್ದೀರಿ. ಇಷ್ಟು ವರ್ಷ ಜ್ವರ ಬಂದವರಿಗೆ ನಾನು ಕಂಬಳಿ ಹೊದಿಸುತ್ತಿದ್ದೆ, ಈಗ ನೀವು ಸೇಡು ತೀರಿಸಿಕೊಂಡಿರಿ. ಇರಲಿ, ಪ್ರೀತಿಯಿಂದ ಹೊದಿಸಿದ್ದು, ತೆಗೆಯುವುದಿಲ್ಲ. ಜೊತೆಗೆ ಚಕ್ರವಿರುವ ಸೂಟ್‌ಕೇಸು ಕೊಟ್ಟಿದ್ದೀರಿ. ಇದು ಹನ್ನೊಂದು ವರ್ಷದ ಹಿಂದೆ, ಎಂಬತ್ತಾರರಲ್ಲಿ ನಾನು ಜಾಂಬಿಯಾ ದೇಶಕ್ಕೆ ಹೊರಟಾಗ ಸಿಗಬೇಕಿತ್ತು. ಆಗ ತಗಡಿನ ಟ್ರಂಕಿಗೆ ಹಗ್ಗ ಬಿಗಿದುಕೊಂಡು ಹೋಗಿದ್ದೆ. ಈಗ ಸೂಟ್‌ಕೇಸು ಬಂದಿದೆ, ಆದರೆ ಹೋಗಬೇಕಾದದ್ದು ಲಿಂಗಸುಗೂರಿನ ತಂಗಿಯ ಮನೆಗೆ.

ಮಾಳಿಂಗಪ್ಪನವರು ತಮ್ಮ ಮಾತಿನಲ್ಲಿ, "ಸೂಗಮ್ಮ ಸಿಸ್ಟರು ಒಂದ ಹೊತ್ತಿನಾಗ ಎರಡೆರಡು ಊರಾಗ ಇರ್ತಿದ್ರು" ಎಂದರು. ನೀವೆಲ್ಲ ಚಪ್ಪಾಳೆ ತಟ್ಟಿದಿರಿ. ಹೊಗಳಿಕೆ ಎಂದುಕೊಂಡು ತಟ್ಟಿದಿರಿ. ಅದು ಹೊಗಳಿಕೆಯೇ? ಅಲ್ಲ ಸಭಿಕರೇ. ಅದು ನಿಜ.

ವೈದ್ಯಾಧಿಕಾರಿಗಳು ನಗುತ್ತಿದ್ದಾರೆ. ನಗಲಿ. ವಿದೇಶದ ಸೇವೆಯ ಬಗ್ಗೆ ಎರಡು ಮಾತು ಹೇಳಿ ಎಂದು ಅವರೇ ಕೇಳಿದ್ದಾರೆ. ಹೇಳುತ್ತೇನೆ. ಇವತ್ತು ಹೇಳಲೇಬೇಕು. ಏಕೆಂದರೆ ಮುಂದಿನ ಸಾಲಿನಲ್ಲಿ ವಳಕಮದಿನ್ನಿಯ ಗದ್ದೆಮ್ಮ ಕೂತಿದ್ದಾಳೆ, ಆಕೆಯ ಮಡಿಲಲ್ಲಿ ಒಂದು ಬಟ್ಟೆಯ ಗಂಟಿದೆ. ಅದು ಉಡುಗೊರೆಯಲ್ಲ. ಅದು ನನ್ನದೇ ಗಂಟು. ಸಭೆಗೆ ಮುಂಚೆ ಆಕೆ ನನ್ನನ್ನು ಬಾಗಿಲ ಬಳಿ ತಡೆದು ಕೇಳಿದಳು: "ಯವ್ವಾ, ನಾ ಮುದುಕಿ ಆದೆ. ಇದನ್ನ ಒಯ್ತಿಯೋ, ಬಿಡ್ತಿಯೋ? ಇವತ್ತ ಹೇಳಿಬಿಡು."

ನಾನು ವಳಕಮದಿನ್ನಿಯ ಉಪಕೇಂದ್ರದಲ್ಲಿ ನರ್ಸ್ ಆಗಿದ್ದಾಗ ಒಂದು ಸೇವಾಸಂಸ್ಥೆಯವರು ಬಂದರು. ಆಫ್ರಿಕಾದ ಹಳ್ಳಿಗಳ ಚಿಕಿತ್ಸಾಲಯಕ್ಕೆ ನರ್ಸ್ ಬೇಕು, ಸಂಬಳವಿಲ್ಲ, ಊಟ ವಸತಿ ಉಂಟು ಎಂದರು. ನಾನು ಕೈ ಎತ್ತಿದೆ. ಎಂಥ ಸೇವಾಭಾವ ಎಂದು ಇಲ್ಲಿ ಮೂವರು ಭಾಷಣಕಾರರು ಹೇಳಿದರು. ಸೇವಾಭಾವವೋ, ಇನ್ನೇನೋ. ಆಗ ನನ್ನ ಗಂಡ ಇನ್ನೊಂದು ಮದುವೆಯಾಗಿ ಜವಳಗೇರಾದಲ್ಲಿ ಮನೆ ಮಾಡಿದ್ದ. ಆ ಊರಿಗೂ ಲಸಿಕೆ ಹಾಕಲು ನಾನೇ ಹೋಗಬೇಕಿತ್ತು. ಅವರ ಕೂಸಿಗೂ ಹಾಕಿದೆ. ನಾನು ಅಳಲಿಲ್ಲ, ಕೂಸು ಅತ್ತಿತು. ಅವತ್ತೇ ತೀರ್ಮಾನಿಸಿದೆ, ಈ ಸೀಮೆಯ ಬಸ್ಸು ಹೋಗದಷ್ಟು ದೂರ ಹೋಗಬೇಕು ಎಂದು. ಇದನ್ನು ಹೇಳಬಾರದಿತ್ತೇನೋ. ಹೇಳಿಬಿಟ್ಟೆ.

ನನ್ನ ಅವ್ವ ಗೋಳಾಡಿದಳು. "ಬೊಂಬಾಯಿ ದಾಟಿ ಯಾರರ ಹೊಕ್ಕಾರೇನಬೇ? ಅಲ್ಲಿ ಸತ್ತರ ಹಿಡಿ ಮಣ್ಣು ಹಾಕಾಕ ಯಾರದಾರ?" ಕೊನೆಗೆ ಒಪ್ಪಿದಳು, ಆದರೆ ಹೊರಡುವ ದಿನ ಒಳ್ಳೆಯದಲ್ಲ ಎಂದಳು. ಆದ್ದರಿಂದ ಪ್ರಸ್ಥಾನ ಇಡಬೇಕೆಂದಳು. ಹಿರಿಯರಿಗೆ ಗೊತ್ತು, ಹುಡುಗರಿಗೆ ಹೇಳುತ್ತೇನೆ. ಹೊರಡುವ ದಿನ ಕೆಟ್ಟದಿದ್ದರೆ, ಅದಕ್ಕೂ ಮುಂಚಿನ ಒಳ್ಳೆಯ ಗಳಿಗೆಯಲ್ಲಿ ಪ್ರಯಾಣಿಕರ ಬಟ್ಟೆಯ ಗಂಟೊಂದನ್ನು ಬೇರೆಯವರ ಮನೆಯಲ್ಲಿ ಇಡುತ್ತಾರೆ. ಗಂಟು ಹೊರಟಿತೆಂದರೆ ಮನುಷ್ಯ ಹೊರಟ ಹಾಗೆಯೇ ಲೆಕ್ಕ. ಆಮೇಲೆ ನಿಜವಾಗಿ ಹೋಗುವ ದಿನ ಆ ಮನೆಗೆ ಹೋಗಿ, ಗಂಟನ್ನು ಎತ್ತಿಕೊಂಡು, ಅಲ್ಲಿಂದ ಮುಂದಕ್ಕೆ ನಡೆಯಬೇಕು.

ನಾನು ಉಟ್ಟ ಒಂದು ಬಿಳಿ ಸೀರೆಯಲ್ಲಿ ಹಿಡಿ ಜೋಳ, ಅರಿಷಿಣದ ಕೊಂಬು, ಅಡಿಕೆ ಇಟ್ಟು ಗಂಟು ಕಟ್ಟಿ ಗದ್ದೆಮ್ಮನ ಮನೆಯಲ್ಲಿ ಇಟ್ಟೆವು. ಮಸ್ಕಿಗೆ ಬಂದು ಅವ್ವನ ಬಳಿ ಉಳಿದೆ. ಅಷ್ಟರಲ್ಲಿ ತಂತಿ ಬಂತು, ಹೇಳಿದ ದಿನಕ್ಕಿಂತ ಮುಂಚೆಯೇ ಬೊಂಬಾಯಿಗೆ ಬರಬೇಕೆಂದು. ಟ್ರಂಕು ಎತ್ತಿಕೊಂಡು ಸಿಕ್ಕ ಬಸ್ಸು ಹತ್ತಿದೆ. ಗಂಟು ಇದ್ದದ್ದು ಸಿಂಧನೂರಿನ ದಿಕ್ಕಿಗೆ, ಬಸ್ಸು ಹೊರಟದ್ದು ಲಿಂಗಸುಗೂರಿನ ದಿಕ್ಕಿಗೆ. ಲಿಂಗಸುಗೂರು ಬಂದ ಮೇಲೆ ಗಂಟಿನ ನೆನಪಾಯಿತು. ಒಂದು ಹಳೆಯ ಸೀರೆ ತಾನೆ, ಇರಲಿ ಬಿಡು ಅಂದುಕೊಂಡೆ.

ಸಭಿಕರೇ, ಜಾಂಬಿಯಾದ ಆ ಹಳ್ಳಿಯನ್ನು ನೀವು ನೋಡಬೇಕು. ಮಣ್ಣು ಕೆಂಪು. ನಮ್ಮ ಎರೆಮಣ್ಣಿನ ಕಪ್ಪು ಹುಡುಕಿದರೂ ಸಿಗದು. ತಗಡಿನ ಮಾಡಿನ ಚಿಕಿತ್ಸಾಲಯ, ಪಕ್ಕದಲ್ಲಿ ಬಸುರಿಯರಿಗಾಗಿ ಒಂದು ಹುಲ್ಲಿನ ಚಪ್ಪರ. ದಿನ ತುಂಬಿದವರು ದೂರದೂರದಿಂದ ನಡೆದು ಬಂದು ಅಲ್ಲೇ ಇದ್ದು, ಬಿಳಿ ಮೆಕ್ಕೆಜೋಳದ ಹಿಟ್ಟಿನ ಮುದ್ದೆ, ನಮ್ಮ ಸಂಗಟಿಯಂಥದ್ದನ್ನು ಬೇಯಿಸಿಕೊಂಡು ಹೆರಿಗೆಗೆ ಕಾಯುತ್ತಾರೆ. ಕೂಸುಗಳನ್ನು ಬಟ್ಟೆಯ ಜೋಳಿಗೆಯಲ್ಲಿ ಹಾಕಿ ಮರದ ಕೊಂಬೆಗೆ ತೂಗುಬಿಟ್ಟು ತೂಕ ನೋಡುತ್ತಿದ್ದೆವು. ನಮ್ಮಲ್ಲಿ ತೊಟ್ಟಿಲು ಕಟ್ಟುವ ಹಾಗೆಯೇ. ಮೊದಲ ದಿನವೇ ನನಗೆ ಊರು ಹಿಡಿಸಿತು.

ಅಲ್ಲಿ ಒಬ್ಬ ಹಳೆಯ ಸೂಲಗಿತ್ತಿ ಇದ್ದಳು. ಎಲ್ಲರೂ ಅಂಬುಯಾ ಎನ್ನುತ್ತಿದ್ದರು, ಅಂದರೆ ಅಜ್ಜಿ. ಆಕೆ ಬೆಳಿಗ್ಗೆ ಬಂದು ಎಲ್ಲರ ಕೈ ಮುಟ್ಟಿ ಕ್ಷೇಮ ಕೇಳುತ್ತಿದ್ದಳು, ನನ್ನನ್ನು ಬಿಟ್ಟು. ನನ್ನ ಮುಂದೆಯೇ ನಿಂತು, "ಹೊಸ ನರ್ಸ್ ಯಾವಾಗ ಬರುತ್ತಾಳೆ?" ಎಂದು ಕೇಳುತ್ತಿದ್ದಳು. ಎಲ್ಲರೂ ನಗುತ್ತಿದ್ದರು, ನಾನೂ ನಗುತ್ತಿದ್ದೆ. ವಯಸ್ಸಾಗಿದೆ, ಕಣ್ಣು ಮಂಜು ಅಂದುಕೊಂಡೆ. ಒಂದು ದಿನ ಆಕೆ ನನ್ನನ್ನು ಸುತ್ತು ಹಾಕಿ ನೋಡಿ ಏನೋ ಅಂದಳು. ಭಾಷೆ ತಿಳಿಸಿ ಹೇಳುವ ಹುಡುಗಿ ಈ ಸಲ ನಗಲಿಲ್ಲ. ಬಹಳ ಒತ್ತಾಯಿಸಿದ ಮೇಲೆ ಹೇಳಿದಳು: "ಈಕೆಯ ಕೈ ಬಂದಿವೆ, ಕಾಲು ಬಂದಿಲ್ಲ ಅನ್ನುತ್ತಾಳೆ."

ಆಮೇಲೆ ಒಂದು ಬೆಳಿಗ್ಗೆ ಎದ್ದು ನೋಡುತ್ತೇನೆ, ನನ್ನ ಸೀರೆಯ ಅಂಚು ಒದ್ದೆ. ಅಂಚಿಗೆ ಮೆತ್ತಿಕೊಂಡಿದ್ದು ಕಪ್ಪು ಕೆಸರು. ಮೂಸಿ ನೋಡಿದೆ. ಕಾಲುವೆಯ ನೀರು, ನಾಟಿ ಹಚ್ಚಿದ ಗದ್ದೆಯ ವಾಸನೆ. ಆ ಕೆಂಪು ಸೀಮೆಯಲ್ಲಿ ಮಳೆ ಬಂದು ಎಷ್ಟೋ ತಿಂಗಳಾಗಿತ್ತು. ನಾನು ಯಾರಿಗೂ ಹೇಳಲಿಲ್ಲ, ಒಗೆದು ಹಾಕಿದೆ. ಆಮೇಲೂ ಹಾಗಾಗುತ್ತಲೇ ಬಂತು.

ಎರಡು ವರ್ಷದ ಮೇಲೆ ಹೊರಡುವ ದಿನ ಅಂಬುಯಾ ಮೊದಲ ಸಲ ನನ್ನ ಬಳಿ ಬಂದಳು. ಬಗ್ಗಿ, ಸೀರೆಯ ಅಂಚಿನಿಂದ ಒಣಗಿದ ಕಪ್ಪು ಮಣ್ಣಿನ ಹಕ್ಕಳೆ ಬಿಡಿಸಿ, ಬೆರಳಲ್ಲಿ ಪುಡಿ ಮಾಡಿ ನೋಡಿದಳು. "ಒಳ್ಳೆಯ ಮಣ್ಣು," ಅಂದಳು. "ಹೋಗು, ಅಲ್ಲಿ ಕಾಯುತ್ತಿದ್ದಾರೆ."

ಎಂಬತ್ತೆಂಟರಲ್ಲಿ ವಳಕಮದಿನ್ನಿಗೆ ವಾಪಸು ಬಂದೆ. ಎರಡು ವರ್ಷ ಇಲ್ಲದ ನರ್ಸ್ ಬಂದಳೆಂದು ಜನ ಓಡಿ ಬರುತ್ತಾರೆಂದುಕೊಂಡಿದ್ದೆ. ಒಬ್ಬರೂ ಬರಲಿಲ್ಲ. ನಿನ್ನೆ ನೋಡಿದವಳನ್ನು ಇವತ್ತು ನೋಡಿದಂತೆ, "ಆರಾಮೇನ್ರೀ ಸಿಸ್ಟರ್?" ಎಂದು ಮುಂದೆ ಹೋದರು. ಆಗ ಹೊನ್ನೂರಮ್ಮ, ಅಗೋ ಆ ಕಂಬದ ಬಳಿ ಕೂತಿದ್ದಾಳೆ, ಕಂಕುಳಲ್ಲಿ ಹೆಣ್ಣುಕೂಸು ಇಟ್ಟುಕೊಂಡು ನನ್ನ ಕೈ ಹಿಡಿದಳು. "ಅವತ್ತು ಚಾ ಕುಡೀಲಾರ್ದ ಹೋದ್ರಿ. ಇವತ್ತರ ಕುಡೀರಿ" ಎಂದಳು.

"ಯಾವತ್ತು?" ಎಂದೆ.

"ಈಕಿ ಹುಟ್ಟಿದಾಗರೀ. ಕಾಲು ಮುಂದ ಮಾಡಿ ಬಂದಿತ್ತಲ್ರೀ ಕೂಸು. ನೀವು ಬರಲಿಲ್ಲಂದ್ರ ನಾವಿಬ್ರೂ ಇರ್ತಿದ್ದಿಲ್ಲ."

"ನಾ ಆಗ ಜಾಂಬಿಯಾದಾಗಿದ್ದೆ, ಹೊನ್ನೂರಮ್ಮ."

ಅವಳು ನಕ್ಕುಬಿಟ್ಟಳು. ಅಲ್ಲಿದ್ದ ಹೆಂಗಸರೆಲ್ಲ ನಕ್ಕರು. ಕಾಲುವೆಗೆ ನೀರು ಬಿಟ್ಟ ಕಾಲವಂತೆ, ನಾಟಿ ನಡೆದಿತ್ತಂತೆ, ನನ್ನ ಜಾಗಕ್ಕೆ ಸರಕಾರ ಯಾರನ್ನೂ ಹಾಕಿರಲಿಲ್ಲವಂತೆ. ಮಧ್ಯಾಹ್ನ, ಕಾಲುವೆಯ ಏರಿಯ ಮೇಲೆ ಬಿಳಿ ಸೀರೆ ಉಟ್ಟು ನಾನೇ ನಡೆದು ಬಂದೆನಂತೆ. ಒಂದು ಮಾತೂ ಆಡಲಿಲ್ಲವಂತೆ. ಹೆರಿಗೆ ಮಾಡಿಸಿ, ಕೈ ತೊಳೆದು, ಚಹಾ ಬೇಡವೆಂದು ಕೈಯಾಡಿಸಿ, ಗದ್ದೆಮ್ಮನ ಮನೆಯೊಳಗೆ ಹೋದೆನಂತೆ. ಕೂಸಿಗೆ ಸೂಗಮ್ಮ ಎಂದು ನನ್ನದೇ ಹೆಸರಿಟ್ಟಿದ್ದರು. ಆ ಕೂಸು, ಯಾರ ಬಳಿಯೂ ಹೋಗದ ಕೂಸು, ನನ್ನ ಕಡೆ ಎರಡೂ ಕೈ ಚಾಚಿತು.

ನಾನು ಗದ್ದೆಮ್ಮನ ಮನೆಗೆ ಓಡಿದೆ. ಗಂಟು ಇಟ್ಟಲ್ಲೇ ಇತ್ತು. ಸುತ್ತಲೂ ನೆಲದ ಮೇಲೆ ಕೆಂಪು ಧೂಳು. ಗದ್ದೆಮ್ಮ ಅದನ್ನು ಕಸಬರಿಗೆಯಿಂದ ಗುಡಿಸುತ್ತ ಅಂದಳು: "ದಿನಾ ಬೀಳ್ತೈತಿ ಇದು. ಯಾವ ಊರ ಮಣ್ಣೋ ಏನೋ. ಯವ್ವಾ, ಪಸ್ತಾನದ ಗಂಟು ಬಿಟ್ಟು ಹೋದಾಕಿ ಪೂರಾ ಹೋದಂಗ ಅಲ್ಲ. ನಿನ್ನ ಅರ್ಧ ಇಲ್ಲೇ ಉಳಿದೈತಿ."

ಕೊಡು, ಒಯ್ಯುತ್ತೇನೆ ಎಂದೆ. ಆಕೆ ಬಾಗಿಲಿಗೆ ಅಡ್ಡ ನಿಂತಳು. "ಒಯ್ಯಬ್ಯಾಡ. ಈ ಊರಿಗೆ ನೀ ಒಬ್ಬಾಕಿ ಸಾಲಂಗಿಲ್ಲ."

ಬಿಟ್ಟು ಬಂದೆ. ಆಮೇಲಿನ ವರ್ಷಗಳ ನನ್ನ ಸೇವೆಯನ್ನೇ ಇವತ್ತು ನೀವು ಹೊಗಳಿದ್ದು. ಅದರಲ್ಲಿ ನನ್ನದೆಷ್ಟು, ಗಂಟಿನಲ್ಲಿ ಉಳಿದ ಆಕೆಯದೆಷ್ಟು, ನನಗೇ ತಿಳಿಯದು. ಕರೆ ಬಂದು ಓಡಿದರೆ, ಹೊಕ್ಕುಳಬಳ್ಳಿ ಕತ್ತರಿಸಿ ಆಗಿರುತ್ತಿತ್ತು, ಬಾಣಂತಿ ಮಲಗಿರುತ್ತಿದ್ದಳು. ಬಳ್ಳಿಗೆ ನನ್ನದೇ ರೀತಿಯ ಗಂಟು, ಕೂಸಿನ ಬಟ್ಟೆಗೆ ನನ್ನದೇ ರೀತಿಯ ಮಡಿಕೆ. ನಾನು ಹೊಸ್ತಿಲಿಗೆ ಬಂದರೆ ಆಕೆ ಇರುತ್ತಿರಲಿಲ್ಲ. ನನಗೆ ಕೂದಲು ನರೆಯಿತು, ಆಕೆಯನ್ನು ಕಂಡವರು ಕರಿಕೂದಲು ಎನ್ನುತ್ತಾರೆ. ಹೊಟ್ಟೆಕಿಚ್ಚು ಪಟ್ಟಿದ್ದೇನೆ, ಸುಳ್ಳೇಕೆ ಹೇಳಲಿ? ಹೆದರಿದ್ದೇನೆ ಕೂಡ. ಎಲ್ಲಕ್ಕಿಂತ ಹೆಚ್ಚಾಗಿ ದಣಿದಿದ್ದೇನೆ. ಮಲಗಿ ಎದ್ದರೂ ಕಾಲು ನೋಯುತ್ತವೆ, ಅಂಚಿಗೆ ಕೆಸರು. ಎಲ್ಲಿ ಕೂತರೂ ಅಲ್ಲಿಗೆ ಇನ್ನೂ ಬಂದಿಲ್ಲ ಅನ್ನಿಸುತ್ತದೆ. ಗಂಡನಿಂದ ದೂರ ಹೋಗಲು ಸಮುದ್ರ ದಾಟಿದವಳು, ಆಚೆ ದಡವನ್ನೂ ಪೂರ್ತಿ ಮುಟ್ಟಲಿಲ್ಲ, ಈಚೆಗೂ ಪೂರ್ತಿ ಬರಲಿಲ್ಲ.

ಆದ್ದರಿಂದ ಗದ್ದೆಮ್ಮಾ, ನಿನ್ನ ಪ್ರಶ್ನೆಗೆ ಉತ್ತರ ತಂದಿದ್ದೇನೆ. ನಾನು ಅದನ್ನು ಒಯ್ಯುತ್ತೇನೆ. ಈ ಸೂಟ್‌ಕೇಸಿನಲ್ಲಿ ಇಟ್ಟುಕೊಂಡು ತಂಗಿಯ ಮನೆಗೆ ಹೋಗಿ, ಒಬ್ಬಳೇ ಒಬ್ಬಳಾಗಿ ಒಂದು ಸಲ ಕಣ್ತುಂಬ ನಿದ್ದೆ ಮಾಡುತ್ತೇನೆ. ನನಗೆ ಅಷ್ಟೂ ಹಕ್ಕಿಲ್ಲವೇ ಸಭಿಕರೇ?

ಯಾರದು ಬಾಗಿಲಲ್ಲಿ? ವಳಕಮದಿನ್ನಿಯ ಬಸ್ಸಪ್ಪ ಅಲ್ಲವೇ? ದಾರಿ ಬಿಡಿ, ಅವನ ಹೆಂಡತಿಗೆ ದಿನ ತುಂಬಿವೆ. ಬಾ ಬಸ್ಸಪ್ಪ. ಯಾಕೆ ನನ್ನನ್ನು ಹಾಗೆ ನೋಡುತ್ತೀ? ಏನಂದಿ? ಇನ್ನೊಮ್ಮೆ ಹೇಳು.

ಹಿಂದಿನವರಿಗೆ ಕೇಳಿಸಲಿಲ್ಲ. ಬಸ್ಸಪ್ಪ ಹೇಳುವುದಿಷ್ಟು. ಹೆಂಡತಿಗೆ ಹೆರಿಗೆಯ ಬ್ಯಾನಿ ಸುರುವಾಗಿದೆ, ಬಹಳ ರಕ್ತ ಹೋಗುತ್ತಿದೆ. ನನ್ನನ್ನು ಕರೆಯಲು ಹೊರಟವನಿಗೆ ಕಾಲುವೆಯ ಏರಿಯ ಮೇಲೆ ನಾನೇ ಎದುರಾದೆನಂತೆ. ಮನೆಯೊಳಗೆ ಬಿಟ್ಟು, ಜೀಪಿಗಾಗಿ ಇಲ್ಲಿಗೆ ಬಂದಿದ್ದಾನೆ. ಅಲ್ಲಿ ಹೆಂಡತಿಯ ಬಳಿ ಕೂತವಳು ಇಲ್ಲಿ ಮೈಕಿನ ಮುಂದೆ ನಿಂತಿದ್ದಾಳೆ. ಅವನು ಬೆದರುವುದರಲ್ಲಿ ತಪ್ಪೇನಿದೆ?

ಡಾಕ್ಟರೇ, ನಗು ಸಾಕು, ಜೀಪು ತೆಗೆಸಿ. ನಾನೂ ಬರುತ್ತೇನೆ, ನೀವೂ ಬನ್ನಿ. ನಾವು ಮುಟ್ಟುವವರೆಗೆ ಆ ಹುಡುಗಿಯ ಪಕ್ಕದಲ್ಲಿ ಇರುವುದು ಆ ಎರಡು ಕೈ ಮಾತ್ರ. ಗದ್ದೆಮ್ಮಾ, ಗಂಟನ್ನು ಬಿಗಿಯಾಗಿ ಹಿಡಿ. ಯಾರೂ ಬಿಚ್ಚಬೇಡಿ, ಯಾರೂ ಎತ್ತಿಕೊಂಡು ಹೋಗಬೇಡಿ.

ನಾನು ಒಯ್ಯುವುದಿಲ್ಲ. ಇವತ್ತು ಬಸ್ಸಪ್ಪನ ಹೆಂಡತಿ, ನಾಳೆ ಇನ್ನೊಬ್ಬಳು. ನನ್ನ ಜಾಗಕ್ಕೆ ಈಗಲೂ ಯಾರೂ ಬಂದಿಲ್ಲ ಎಂಬುದು ನಿಮಗೆಲ್ಲ ಗೊತ್ತು. ನಿದ್ದೆ ಮಾಡಲು ನನಗೆ ಯಾವಾಗ ಬಿಡುವು ಬರುತ್ತದೋ ಬರಲಿ.

ನನ್ನನ್ನು ಸಾಕಿದ ಊರುಗಳಿಗೆ, ಈ ಶಾಲಿಗೆ, ಈ ಪ್ರೀತಿಗೆ ನಾನು ಋಣಿ. ಸೂಟ್‌ಕೇಸು ನನಗೆ ಬೇಡ, ಗದ್ದೆಮ್ಮನಿಗೆ ಕೊಡಿ. ಗಂಟನ್ನು ಅದರಲ್ಲಿ ಇಡಲಿ, ಇಲಿ ಮುಟ್ಟುವುದಿಲ್ಲ. ಬೀಗ ಮಾತ್ರ ಹಾಕಬೇಡಿ, ಒಳಗಿನಾಕೆ ಹೋಗಿ ಬರಬೇಕಾಗುತ್ತದೆ. ನಮಸ್ಕಾರ.